ಪರ್ಸಿನಲ್ಲಿ ಮೂರು ಕಾರ್ಡು: ಸೋದರಮಾವ, ಅಳಿಯ, ಬೀಗರು

ಕಾರಿಗೆ ಕರೆಂಟು ತುಂಬಿಸುವ ಮೂರು ಕಾರ್ಡು ನನ್ನ ಪರ್ಸಿನಲ್ಲಿವೆ. ಒಂದರ ಹೆಸರು ಸೋದರಮಾವ, ಇನ್ನೊಂದು ಅಳಿಯ, ಮತ್ತೊಂದು ಬೀಗರು. ಹೆಸರಿಟ್ಟವರು ನಮ್ಮ ಅತ್ತೆ. ಧಾರವಾಡದ ಮಾಳಮಡ್ಡಿಯ ಮನೆ ಕಟ್ಟೆಯ ಮೇಲೆ ಕೂತು ನಾನು ದಾರಿಯ ಕತೆ ಹೇಳುತ್ತಿದ್ದೆ. ಅವರು ಒಂದೊಂದೇ ಕಾರ್ಡನ್ನು ಕೈಗೆ ತಗೊಂಡು, ತಿರುಗಿಸಿ ನೋಡಿ, ಅದರ ಗುಣ ಕೇಳಿ ಹೆಸರಿಟ್ಟರು. ಕಂಪನಿಗಳ ನಿಜವಾದ ಹೆಸರು ಇಲ್ಲಿ ಬರೆಯುವುದಿಲ್ಲ. ಈ ತಿಂಗಳು ಕೆಟ್ಟು ನಿಂತ ಮಷಿನ್ ಮುಂದಿನ ತಿಂಗಳು ಚೆನ್ನಾಗಿ ಓಡುತ್ತಿರುತ್ತದೆ. ಸುಮ್ನೆ ಒಬ್ಬರ ಹೆಸರು ಕೆಡಿಸುವುದು ಯಾಕೆ? ಗುಣ ಹೇಳುತ್ತೇನೆ, ನಿಮ್ಮ ಕೈಯಲ್ಲಿರುವ ಕಾರ್ಡಿಗೆ ಹೊಂದುತ್ತದೋ ನೋಡಿಕೊಳ್ಳಿ.

ನಮ್ಮ ಮನೆ ಪುಣೆಯ ವಾರಜೆಯಲ್ಲಿ. ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವುದು ನನ್ನ ಕೆಲಸ. 2023ರ ಜನವರಿಯಲ್ಲಿ ನೆಕ್ಸಾನ್ ಇವಿ ಮ್ಯಾಕ್ಸ್ ಅನ್ನುವ ಕರೆಂಟು ಕಾರು ತಗೊಂಡೆವು, 40.5 ಕಿಲೋವ್ಯಾಟ್ ಅವರ್, ಅಂದರೆ 40.5 ಯೂನಿಟ್ ಹಿಡಿಯುವ ಬ್ಯಾಟರಿಯದ್ದು. ಅವತ್ತಿನಿಂದ ಎಲ್ಲಿ ಎಷ್ಟು ಯೂನಿಟ್ ಹಾಕಿಸಿದೆ, ಎಷ್ಟು ಕೊಟ್ಟೆ ಅಂತ ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನಮ್ಮವರು ನಗುತ್ತಾರೆ. ನಗಲಿ ಬಿಡಿ, ಕಾರ್ಡಿನ ವಿಷಯದಲ್ಲಿ ನನಗೆ ಬುದ್ಧಿ ಬಂದಿದ್ದು ಆ ಬುಕ್ಕಿನಿಂದಲೇ.

ಊರೊಳಗೆ ಓಡಾಡಲು ಕಾರ್ಡೇ ಬೇಕಾಗಿಲ್ಲ. ಸೊಸೈಟಿಯಲ್ಲಿ ಇವಿಗೆ ಅಂತಲೇ ಬೇರೆ ಮೀಟರ್ ಹಾಕಿಸಿಕೊಂಡಿದ್ದೇವೆ. ಸ್ಥಿರ ಶುಲ್ಕ ಎಲ್ಲ ಸೇರಿ ಯೂನಿಟ್ಟಿಗೆ 9 ರೂಪಾಯಿ ಆಸುಪಾಸು ಬೀಳುತ್ತದೆ. ರಾತ್ರಿ ಚುಚ್ಚಿದರೆ ಬೆಳಿಗ್ಗೆ ತುಂಬಿರುತ್ತದೆ. ಕಾರ್ಡು ಬೇಕಾಗುವುದು ಧಾರವಾಡದ ದಾರಿಗೆ. ಯುಗಾದಿ, ಮೇ ರಜೆ, ದಸರಾ, ದೀಪಾವಳಿ. ಹೋಗಿ ಬರುವುದು ಸೇರಿ ವರ್ಷಕ್ಕೆ ಎಂಟು ಪ್ರಯಾಣ. ಒಂದು ಕಡೆಗೆ ಸುಮಾರು 415 ಕಿಲೋಮೀಟರ್. ಏಸಿ ಹಾಕಿಕೊಂಡು 90ರಲ್ಲಿ ಹೋದರೆ ನಮ್ಮ ಕಾರು ತುಂಬಿದ ಬ್ಯಾಟರಿಗೆ 260 ಕಿಲೋಮೀಟರ್ ಓಡುತ್ತದೆ. ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಬೇಕು, ಅಲ್ಲಿ ಸ್ವಲ್ಪ ಜಾಸ್ತಿಯೇ ತಿನ್ನುತ್ತದೆ. ಬರುವಾಗ ಸುರಂಗ, ಅಷ್ಟು ತೊಂದರೆಯಿಲ್ಲ.

ಹಾಗಾಗಿ ಕರಾಡದ ಹತ್ತಿರ ಒಂದು ಸಲ, ಬೆಳಗಾವಿಯಲ್ಲಿ ಒಂದು ಸಲ ನಿಲ್ಲುತ್ತೇವೆ. ಎರಡೂ ಸೇರಿ 30 ಯೂನಿಟ್ ಹಾಕಿಸಿದರೆ ಸಾಕು. ಈ 30 ಯೂನಿಟ್ಟಿಗೋಸ್ಕರ ನಾನು ಮೊದಲ ವರ್ಷ ಫೋನಿನಲ್ಲಿ ಏಳು ಆ್ಯಪ್ ಇಟ್ಟುಕೊಂಡಿದ್ದೆ.

ಟೋಲಿಗೆ ನೋಡಿ, ಗಾಜಿಗೆ ಒಂದು ಫಾಸ್ಟ್ಯಾಗ್ ಅಂಟಿಸಿದರೆ ಮುಗೀತು. 2021ರ ಫೆಬ್ರುವರಿಯಿಂದ ಕಡ್ಡಾಯವೂ ಆಯಿತು. ಖೇಡ್ ಶಿವಾಪುರದಲ್ಲೂ ಅದೇ, ಕೊಗನೊಳಿಯಲ್ಲೂ ಅದೇ. ಟೋಲ್ ನಡೆಸುವವನು ಯಾರು ಅಂತ ನಾವು ಕೇಳುವುದೇ ಇಲ್ಲ. ಕರೆಂಟಿನಲ್ಲಿ ಇನ್ನೂ ಹಾಗಿಲ್ಲ. ಟಾಟಾ ಪವರ್, ಸ್ಟ್ಯಾಟಿಕ್, ಚಾರ್ಜ್‌ಝೋನ್, ಜಿಯೋ-ಬಿಪಿ, ಸರ್ಕಾರಿ ಪೆಟ್ರೋಲ್ ಕಂಪನಿಗಳು, ಎಲ್ಲರದೂ ಬೇರೆ ಬೇರೆ ಆ್ಯಪ್. ಕಾರು ಕಂಪನಿಗಳು ಎಲ್ಲವನ್ನೂ ಒಂದೇ ಕಡೆ ಸೇರಿಸಲು ನೋಡುತ್ತಿವೆ. ಎಂಜಿ ಕಂಪನಿ 2024ರಲ್ಲಿ ಇ-ಹಬ್ ಅಂತ ಒಂದು ತಂದಿತು. ಆದರೆ ಗನ್ (ಮಷಿನ್ನಿನ ಕೇಬಲ್ ತುದಿಯ ದಪ್ಪ ಪ್ಲಗ್) ಕಾರಿಗೆ ಚುಚ್ಚಿ, ಬಿಸಿಲಲ್ಲಿ ನಿಂತಾಗ ನಮಗೆ ಬೇಕಾಗುವುದು ಆ ಮಷಿನ್ ಒಪ್ಪುವ ಕಾರ್ಡು, ಅಷ್ಟೇ.

"ಆ್ಯಪ್ ಇರುವಾಗ ಕಾರ್ಡು ಯಾಕೆ?" ಅಂತ ನನ್ನ ತಂಗಿ ಕೇಳಿದ್ದಳು. ನನಗೂ ಹಾಗೇ ಅನಿಸಿತ್ತು. ವಿಮಾನನಗರದ ಕಡೆ ಒಂದು ಮಾಲಿನ ನೆಲಮಾಳಿಗೆಗೆ ಇಳಿಯುವವರೆಗೆ. ನೆಲದಿಂದ ಎರಡು ಅಂತಸ್ತು ಕೆಳಗೆ, ಮೂಲೆಯಲ್ಲಿ ಮಷಿನ್. ಆ್ಯಪ್ ತೆರೆದೆ. ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಸಿಗ್ನಲ್ ಒಂದು ಗೆರೆಯೂ ಇಲ್ಲ. ಕಾವಲಿನವನಿಗೆ ಇದು ದಿನಾ ನೋಡುವ ನಾಟಕ. ಕುರ್ಚಿಯಿಂದ ಏಳದೆಯೇ ಮರಾಠಿಯಲ್ಲಿ ಹೇಳಿದ: "ಮ್ಯಾಡಮ್, ವರ್ ಜಾಊನ್ ಸ್ಟಾರ್ಟ್ ಕರಾ, ಮಗ್ ಖಾಲೀ ಯಾ." ಅಂದರೆ ಮಷಿನ್ನಿನ ನಂಬರ್ ಬರೆದುಕೊಂಡು ಮೇಲೆ ಹತ್ತಬೇಕು, ಸಿಗ್ನಲ್ ಸಿಕ್ಕ ಕಡೆ ನಿಂತು ಶುರು ಮಾಡಬೇಕು, ಮತ್ತೆ ಕೆಳಗೆ ಓಡಿ ಬಂದು ಹತ್ತಿಕೊಂಡಿದೆಯೋ ನೋಡಬೇಕು. ಎರಡು ಸಲ ಹತ್ತಿ ಇಳಿದೆ. ಮಂಡಿ ನೋವು ಬಂತೇ ಹೊರತು ಕರೆಂಟು ಬರಲಿಲ್ಲ.

ಆಗ ನನ್ನ ಪಕ್ಕದ ಗನ್ನಿಗೆ ಒಬ್ಬ ಅಜ್ಜ ಬಂದರು. ಎಪ್ಪತ್ತು ದಾಟಿರಬೇಕು. ಗನ್ ಚುಚ್ಚಿದರು, ಶರ್ಟಿನ ಜೇಬಿನಿಂದ ಒಂದು ಕಾರ್ಡು ತೆಗೆದು ಪರದೆಯ ಕೆಳಗಿನ ಚೌಕಕ್ಕೆ ಮುಟ್ಟಿಸಿದರು. ಬೀಪ್. ಮೂರ್ನಾಲ್ಕು ಸೆಕೆಂಡು ಏನೂ ಇಲ್ಲ. ಆಮೇಲೆ ಗನ್ನಿನ ಹತ್ತಿರ ಟಕ್ ಅಂತ ಬೀಗ ಬಿದ್ದ ಸದ್ದು, ಮಷಿನ್ನಿನ ಒಳಗೆ ಫ್ಯಾನು ಗುಂಯ್ ಅಂತು, ದೀಪ ಹಸಿರಾಯಿತು. ಅಜ್ಜ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಸಾಮಾನು ತರಲು ಹೊರಟೇಬಿಟ್ಟರು. ಅವತ್ತು ಸಂಜೆಯೇ ನಾನು ಕಾರ್ಡಿಗೆ ಅರ್ಜಿ ಹಾಕಿದೆ.

ಇದರಲ್ಲಿ ಮಾಯೆಯೇನೂ ಇಲ್ಲ. ಕಾರ್ಡಿನೊಳಗೆ ಹಣ ಇರುವುದಿಲ್ಲ, ಬರೀ ಒಂದು ನಂಬರ್ ಇರುತ್ತದೆ. ಬ್ಯಾಟರಿಯೂ ಇಲ್ಲ. ಮುಟ್ಟಿಸಿದಾಗ ಮಷಿನ್ನಿನ ಒಳಗಿನ ಸುರುಳಿಯಿಂದಲೇ ಅದಕ್ಕೆ ಚೂರು ಶಕ್ತಿ ಸಿಕ್ಕಿ ತನ್ನ ನಂಬರ್ ಹೇಳುತ್ತದೆ. ಮಷಿನ್ ಆ ನಂಬರನ್ನು ಕಂಪನಿಯ ಸರ್ವರಿಗೆ ಕಳಿಸಿ "ಇವರ ಖಾತೆಯಲ್ಲಿ ದುಡ್ಡಿದೆಯಾ?" ಅಂತ ಕೇಳುತ್ತದೆ. ಹೂಂ ಅಂದರೆ ಶುರು. ನಮ್ಮ ಫೋನಿಗೆ ಸಿಗ್ನಲ್ ಇಲ್ಲದಿದ್ದರೂ ನಡೆಯುವುದು ಇದಕ್ಕೇ. ಮಷಿನ್ನಿಗೆ ಅದರದ್ದೇ ತಂತಿಯೋ ಸಿಮ್ಮೋ ಇರುತ್ತದಲ್ಲ. ಮಷಿನ್ ಮತ್ತು ಸರ್ವರ್ ಮಾತಾಡುವ ಭಾಷೆಗೆ ಓಸಿಪಿಪಿ ಅನ್ನುತ್ತಾರೆ. ಅದರಲ್ಲಿ ಇನ್ನೊಂದು ಅನುಕೂಲವಿದೆ: ಗೊತ್ತಿರುವ ಕಾರ್ಡುಗಳ ಪಟ್ಟಿಯನ್ನು ಮಷಿನ್ ತನ್ನೊಳಗೇ ಇಟ್ಟುಕೊಳ್ಳಬಹುದು. ಆಗ ಮಷಿನ್ನಿನ ನೆಟ್ ಹೋದರೂ ಹಳೇ ಗಿರಾಕಿಯ ಕಾರ್ಡಿಗೆ ಕರೆಂಟು ಕೊಡುತ್ತದೆ. ಇದನ್ನು ಎಲ್ಲ ಕಂಪನಿಯವರೂ ಚಾಲೂ ಇಟ್ಟಿರುವುದಿಲ್ಲ. ಕಾರ್ಡು ತಗೊಳ್ಳುವ ಮುಂಚೆ ಕಾಲ್ ಸೆಂಟರಿಗೆ ಫೋನ್ ಮಾಡಿ ಕೇಳಿ. ಉತ್ತರ ಹೇಗೇ ಬರಲಿ, ಫೋನ್ ಎತ್ತಲು ಎಷ್ಟು ಹೊತ್ತು ತಗೊಂಡರು ಅನ್ನುವುದಾದರೂ ಗೊತ್ತಾಗುತ್ತದೆ.

ಈಗ ಸೋದರಮಾವನ ವಿಷಯ. ಯಾವಾಗ ಕರೆದರೂ ಬರುತ್ತಾನೆ, ಆದರೆ ಖರ್ಚು ಜಾಸ್ತಿ. ಪುಣೆಯಲ್ಲಿ ನಾವು ಹೋಗುವ ಕಡೆಯೆಲ್ಲ ಇದ್ದಾನೆ, ಕರಾಡದಲ್ಲಿದ್ದಾನೆ, ಬೆಳಗಾವಿಯಲ್ಲಿದ್ದಾನೆ. ಕಾರ್ಡಿಗೆ 200 ರೂಪಾಯಿ ಕೊಟ್ಟೆ, ಐದನೇ ದಿನ ಮನೆಗೆ ಬಂತು. ಯೂನಿಟ್ಟಿಗೆ 21 ರೂಪಾಯಿ ಅಂತ ಪರದೆಯ ಮೇಲೆ ತೋರಿಸುತ್ತದೆ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. 24 ರೂಪಾಯಿ 78 ಪೈಸೆ ಆಯಿತು. ಈ ತೆರಿಗೆಯ ಮಾತು ಯಾವ ಕಂಪನಿಯವರದ್ದಾದರೂ ನೆನಪಿಡಿ. ದೊಡ್ಡ ಅಕ್ಷರದಲ್ಲಿ ಕಾಣುವ ದರ ಎಷ್ಟೋ ಸಲ ತೆರಿಗೆ ಬಿಟ್ಟು ಹೇಳಿದ್ದು.

ಮಾವನ ಬಗ್ಗೆ ನನಗೆ ಇಷ್ಟವಾಗಿದ್ದು ಕಾಲ್ ಸೆಂಟರ್. ಒಮ್ಮೆ ಕರಾಡದಲ್ಲಿ ಕಾರ್ಡು ಮುಟ್ಟಿಸಿದರೂ ಮಷಿನ್ ಮಂಕಾಗಿ ನಿಂತಿತ್ತು. ಫೋನ್ ಮಾಡಿದೆ. ಆ ಹುಡುಗಿ ಅಲ್ಲಿಂದಲೇ ಮಷಿನ್ನನ್ನು ಆರಿಸಿ ಹೊತ್ತಿಸಿದಳು, "ಎರಡು ನಿಮಿಷ ಬಿಟ್ಟು ಮತ್ತೆ ಮುಟ್ಟಿಸಿ" ಅಂದಳು, ಹತ್ತಿಕೊಂಡಿತು. ಆಮೇಲೆ ಜಿಎಸ್‌ಟಿ ನಂಬರ್ ಸಮೇತ ಬಿಲ್ ಮೇಲಿಗೆ ಬಂತು. ಲೆಕ್ಕದವಳಿಗೆ ಇನ್ನೇನು ಬೇಕು?

ಅಳಿಯನ ಕತೆ ಸ್ವಲ್ಪ ಉದ್ದ. ದರ 18 ರೂಪಾಯಿ, ತೆರಿಗೆ ಸೇರಿ 21 ರೂಪಾಯಿ 24 ಪೈಸೆ. ಮಾವನಿಗಿಂತ ಯೂನಿಟ್ಟಿಗೆ ಮೂರೂವರೆ ರೂಪಾಯಿ ಕಮ್ಮಿ. ಜೊತೆಗೆ ಅವರ ವ್ಯಾಲೆಟ್ಟಿಗೆ, ಅಂದರೆ ಆ್ಯಪಿನೊಳಗೆ ಮುಂಗಡ ಹಣ ಇಡುವ ಖಾತೆಗೆ, 2000 ಹಾಕಿದರೆ 200 ಉಚಿತ ಅಂತ ಕೊಡುಗೆ. ನನ್ನಂಥವಳಿಗೆ ಇದಕ್ಕಿಂತ ಗಾಳ ಬೇಕಾ? 2023ರ ದೀಪಾವಳಿಗೆ ಹೊರಡುವ ಮುಂಚೆ 2000 ಹಾಕಿದೆ. ಕರಾಡದಲ್ಲಿ ನಿಲ್ಲುವುದು ಬೇಡ, ಕೊಲ್ಹಾಪುರದ ಹತ್ತಿರ ಅಳಿಯನ ಮಷಿನ್ ಇದೆ, ಅಲ್ಲಿ ಅಗ್ಗ ಅಂದೆ. ನಮ್ಮವರು "ಕರಾಡದಾಗ ಒಂದ್ ಹತ್ತು ನಿಮಿಷ ನಿಲ್ಲೂಣಲ್ಲ" ಅಂದರು. ನಾನು ಕೇಳಲಿಲ್ಲ.

ಸಾತಾರಾ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ, ಹಬ್ಬದ ದಟ್ಟಣೆ ಬೇರೆ. ಕೊಲ್ಹಾಪುರ ಮುಟ್ಟಿದಾಗ ರಾತ್ರಿ ಹತ್ತೂವರೆ. ಬ್ಯಾಟರಿ ಶೇಕಡಾ 9. ಕಾರ್ಡು ಮುಟ್ಟಿಸಿದೆ. ಬೀಪ್ ಅಂತು. ಪರದೆಯ ಮೇಲೆ ದಯವಿಟ್ಟು ಕಾಯಿರಿ ಅಂತ ಇಂಗ್ಲಿಷಿನಲ್ಲಿ ಬಂತು. ಕಾದೆವು. ಶುರುವಾಯಿತು. ಹಿಂದಿನ ಸೀಟಿನಲ್ಲಿ ಮಗ ಚಕ್ಕುಲಿ ಡಬ್ಬಿ ತೆಗೆದ. ಮೂರು ಯೂನಿಟ್ ಹೋಗಿದ್ದೇ ತಡ, ಫ್ಯಾನು ನಿಂತಿತು. ಮತ್ತೆ ಮುಟ್ಟಿಸಿದೆ, ಆಗಲಿಲ್ಲ. ಗನ್ ತೆಗೆದು ಹಾಕಿದೆ, ಆಗಲಿಲ್ಲ. ಫೋನ್ ಮಾಡಿದರೆ "ನೀವು ಸಾಲಿನಲ್ಲಿ ಆರನೆಯವರು" ಅಂತ ಹಾಡಿನ ಮಧ್ಯೆ ಮಧ್ಯೆ ಹೇಳುತ್ತಿತ್ತು. ಆ್ಯಪಿನಲ್ಲಿ ನೋಡಿದರೆ 400 ರೂಪಾಯಿ ಮುರಿದುಕೊಂಡಿತ್ತು. ಮೂರು ಯೂನಿಟ್ಟಿಗೆ 63 ರೂಪಾಯಿ 72 ಪೈಸೆ ಕಳೆದು ಉಳಿದದ್ದು ವಾಪಸ್ ಬಂದಿದ್ದು ಒಂಬತ್ತು ದಿನ ಆದಮೇಲೆ. ಅದೂ ಬ್ಯಾಂಕಿಗಲ್ಲ, ಅವರದೇ ವ್ಯಾಲೆಟ್ಟಿಗೆ.

ಏಸಿ ಆರಿಸಿ, ಕಿಟಕಿ ಇಳಿಸಿ, ಲಾರಿಗಳ ಹಿಂದೆ 50ರಲ್ಲಿ ಹೊರಟೆವು. ಶೇಕಡಾ 16 ಇತ್ತು. ಯಾರೂ ಮಾತಾಡಲಿಲ್ಲ. ಚಕ್ಕುಲಿ ಮುರಿಯುವ ಸದ್ದು ಒಂದೇ. ಕೊಗನೊಳಿ ಟೋಲ್ ಬಂತು, ಕನ್ನಡದ ಬೋರ್ಡು ಕಾಣಿಸಿತು, ಬ್ಯಾಟರಿ ಮಾತ್ರ ಇಳಿಯುತ್ತಲೇ ಇತ್ತು. ನಿಪ್ಪಾಣಿಯ ಸ್ವಲ್ಪ ಮುಂಚೆ ಒಂದು ಹೋಟೆಲಿನ ಅಂಗಳದಲ್ಲಿ ಮಷಿನ್ನಿನ ದೀಪ ಕಂಡಾಗ ಶೇಕಡಾ 4. ಹೋಟೆಲಿನ ಹುಡುಗ ಟಾರ್ಚ್ ಹಿಡಿದುಕೊಂಡು ಬಂದ. "ಕಾರ್ಡ್ ಐತೇನ್ರೀ ಅಕ್ಕಾರ?" ಅಂದ. ಎರಡೂ ತೋರಿಸಿದೆ. "ಇವ್ ನಡ್ಯೂದಿಲ್ರಿ. ಗಲ್ಲಾದಾಗ ಕೊಡ್ತಾರ, ಬರ್ರಿ." ಗಲ್ಲಾಪೆಟ್ಟಿಗೆಯಲ್ಲಿ ಕೂತವರು ಡ್ರಾಯರಿನಿಂದ ಹೊಸ ಕಾರ್ಡು ತೆಗೆದು, ನನ್ನ ಫೋನ್ ನಂಬರ್ ಹಾಕಿ ಐದು ನಿಮಿಷದಲ್ಲಿ ಚಾಲೂ ಮಾಡಿಕೊಟ್ಟರು. ಒಂದು ತಾಸು ಕೂತೆವು. ಬಿಸಿ ರೊಟ್ಟಿ, ಜುಣಕ, ಮೇಲೆ ಚಹಾ.

ಅದೇ ಬೀಗರು. ವರ್ಷಕ್ಕೆ ನಾಲ್ಕು ಸಲ ಭೇಟಿ, ಆದರೆ ಆದರಕ್ಕೆ ಕೊರತೆಯಿಲ್ಲ. ತೆರಿಗೆ ಸೇರಿ 22 ರೂಪಾಯಿ. ಮಷಿನ್ 30 ಕಿಲೋವ್ಯಾಟಿನದು, ನಿಧಾನ. ನಮ್ಮ ಕಾರಿಗೆ 50 ಕಿಲೋವ್ಯಾಟಿನಲ್ಲಿ ಸೊನ್ನೆಯಿಂದ ಶೇಕಡಾ 80ಕ್ಕೆ 56 ನಿಮಿಷ ಅಂತ ಕಂಪನಿ ಹೇಳುತ್ತದೆ. ಬೀಗರ ಮನೆಯಲ್ಲಿ ಅದಕ್ಕೆ ಒಂದು ತಾಸಿನ ಮೇಲೆ ಬೇಕು. ಊಟ ಮಾಡುವುದಿದ್ದರೆ ನಿಧಾನ ಅನಿಸುವುದೇ ಇಲ್ಲ. ಶೌಚಾಲಯ ಸ್ವಚ್ಛವಾಗಿದೆ. ಹೆಂಗಸರಿಗೆ ಇದು ಕಿಲೋವ್ಯಾಟಿಗಿಂತ ದೊಡ್ಡ ವಿಷಯ. ರಿವ್ಯೂ ಬರೆಯುವ ಗಂಡಸರು ಯಾಕೋ ಇದನ್ನು ಬರೆಯುವುದೇ ಇಲ್ಲ.

ಧಾರವಾಡದಲ್ಲಿ ಎಲ್ಲ ಕೇಳಿದ ಅತ್ತೆ, ಆ ಅಗ್ಗದ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು "ಇದು ಅಳಿಯ ನೋಡವಾ. ಮೊದಲs ದಕ್ಷಿಣಿ ಕೊಡಬೇಕು, ಆಮ್ಯಾಲೆ ಮಾರಿ ನೋಡಬೇಕು" ಅಂದರು. ಅವರ ಮನೆಯ ಅಳಿಯ ಅಲ್ಲೇ ಕೂತು ಚುರುಮುರಿ ತಿನ್ನುತ್ತಿದ್ದರು. ಏನೂ ಅನ್ನಲಿಲ್ಲ.

ರಜೆ ಮುಗಿಸಿ ಬಂದು ನೋಟುಬುಕ್ ತೆಗೆದೆ. ಮಾವನಿಗೂ ಅಳಿಯನಿಗೂ ಯೂನಿಟ್ಟಿಗೆ 3 ರೂಪಾಯಿ 54 ಪೈಸೆ ವ್ಯತ್ಯಾಸ. 30 ಯೂನಿಟ್ಟಿಗೆ 106 ರೂಪಾಯಿ. ಎಂಟು ಪ್ರಯಾಣಕ್ಕೆ 850 ರೂಪಾಯಿ. ಇಡೀ ವರ್ಷಕ್ಕೆ ಅಷ್ಟೇ! ಈ 850ಕ್ಕಾಗಿ ನಾನು ಮಗನನ್ನು ಕರ್ಕೊಂಡು ರಾತ್ರಿ ಹೈವೇಯಲ್ಲಿ ಶೇಕಡಾ 4ರಲ್ಲಿ ತೆವಳಿದ್ದೆ. ದಿನಾ ಹೊರಗೇ ಚಾರ್ಜ್ ಮಾಡುವ ಟ್ಯಾಕ್ಸಿಯವರಿಗೆ ದರ ನೋಡುವುದು ಸರಿ. ಮನೆಯಲ್ಲಿ ಮೀಟರ್ ಇರುವ ನಮ್ಮಂಥವರು ಕಾರ್ಡನ್ನು ದರ ನೋಡಿ ಆರಿಸಿದರೆ ತಪ್ಪುತ್ತೇವೆ. ದೇಶದಲ್ಲಿ ಎಷ್ಟು ಸಾವಿರ ಮಷಿನ್ ಇದೆ ಅಂತ ಜಾಹೀರಾತು ಬರುತ್ತದಲ್ಲ, ಅದರಿಂದಲೂ ಏನೂ ಆಗಬೇಕಾಗಿಲ್ಲ. ನನಗೆ ಬೇಕಾದ್ದು ಕರಾಡದಲ್ಲಿ ಎರಡು ಗನ್, ಬೆಳಗಾವಿಯಲ್ಲಿ ಎರಡು ಗನ್. ಒಂದೇ ಗನ್ ಇದ್ದರೆ ಯಾರಾದರೂ ಮುಂದೆ ನಿಂತಿರುತ್ತಾರೆ, ಅಥವಾ ಕೆಟ್ಟಿರುತ್ತದೆ.

ಈಗ ನಾನು ಮಾಡುವುದು ಇಷ್ಟು. ಹೊರಡುವ ಹಿಂದಿನ ದಿನ ಪ್ಲಗ್‌ಶೇರ್ ಅನ್ನುವ ಆ್ಯಪ್ ತೆರೆದು, ನಾವು ನಿಲ್ಲುವ ಜಾಗದಲ್ಲಿ ಕೊನೆಯ ಸಲ ಯಾರು ಯಾವಾಗ ಚಾರ್ಜ್ ಮಾಡಿದ್ದಾರೆ ಅಂತ ನೋಡುತ್ತೇನೆ. ಮೊನ್ನೆ ಯಾರೋ ಆಯಿತು ಅಂತ ಬರೆದಿದ್ದರೆ ಸಾಕು, ಐದು ಸ್ಟಾರಿಗಿಂತ ಅದು ಮೇಲು. ಕಾರು ಶೋರೂಮಿನ ಅಂಗಳದ ಮಷಿನ್ ಯಾರದ್ದೇ ಇರಲಿ, ಲೆಕ್ಕಕ್ಕೆ ಹಿಡಿಯುವುದಿಲ್ಲ. ರಾತ್ರಿ ಗೇಟಿಗೆ ಬೀಗ ಬಿದ್ದಿರುತ್ತದೆ. ವ್ಯಾಲೆಟ್ಟಿಗೆ ಒಂದು ಪ್ರಯಾಣಕ್ಕೆ ಬೇಕಾದಷ್ಟೇ ಹಾಕುತ್ತೇನೆ. ಇವು ಆ ಕಂಪನಿಯ ಸೇವೆಗೆ ಮಾತ್ರ ನಡೆಯುವ ವ್ಯಾಲೆಟ್‌ಗಳು. ಇಂಥವುಗಳಿಂದ ನಗದು ತೆಗೆಯಲು ಬರುವುದಿಲ್ಲ, ಇವನ್ನು ನಡೆಸಲು ರಿಸರ್ವ್ ಬ್ಯಾಂಕಿನ ಪರವಾನಗಿಯೂ ಬೇಕಾಗಿಲ್ಲ. ಒಳಗೆ ಹಾಕಿದ್ದು ಹುಂಡಿಗೆ ಹಾಕಿದ ಹಾಗೆ.

ಇನ್ನೊಂದು ಮಾತು, ಯಾವ ಕಾರ್ಡಾದರೂ ಸರಿ: ಸಾಮಾನ್ಯವಾಗಿ ಶುರು ಮಾಡಿದ ಕಾರ್ಡಿನಿಂದಲೇ ನಿಲ್ಲಿಸಬೇಕು. ಕಳೆದ ವರ್ಷ ಕರಾಡದಲ್ಲಿ ನಮ್ಮವರು ಕಾರ್ಡು ಮುಟ್ಟಿಸಿ, ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ರಸ್ತೆಯಾಚೆ ಚಹಾಕ್ಕೆ ಹೋದರು. ಫೋನು ಕಾರಿನಲ್ಲೇ. 80 ಆಯಿತು. 80ರ ಮೇಲೆ ಹೇಗೂ ಕರೆಂಟು ನಿಧಾನವಾಗಿ ಹರಿಯುತ್ತದೆ, ಕಾಯುವುದು ದಂಡ. ಹಿಂದೆ ಒಂದು ಕಾರು ಸಾಲಿನಲ್ಲಿ, ಅದರಲ್ಲಿ ಅಳುವ ಕೂಸು. ನಾನು ನನ್ನ ಪರ್ಸಿನಲ್ಲಿದ್ದ ಕಾರ್ಡೆಲ್ಲ ಮುಟ್ಟಿಸಿದೆ. ಒಂದಕ್ಕೂ ಬೀಗ ಬಿಡಲಿಲ್ಲ. ಹನ್ನೆರಡು ನಿಮಿಷ ಬಿಟ್ಟು ಇವರು ಪೇಪರ್ ಮಡಚಿಕೊಂಡು ಬಂದರು. ಈಗ ಮಾವನ ಕಾರ್ಡಿಗೆ ತೂತು ಮಾಡಿ, ದಾರ ಕಟ್ಟಿದ್ದೇನೆ. ದಾರಿಯಲ್ಲಿ ಪರ್ಸಿನಿಂದ ತೆಗೆದು ಕಾರಿನ ಕನ್ನಡಿಗೆ ನೇತು ಹಾಕುತ್ತೇನೆ. ತೂತು ಮಾಡುವಾಗ ಜೋಪಾನ, ಅಂಚಿನಲ್ಲಿ ಒಳಗೆ ತಂತಿಯ ಸುತ್ತು ಇರುತ್ತದೆ. ಬೆಳಕಿಗೆ ಹಿಡಿದು ನೋಡಿ ಮಾಡಿದೆ. ನಿಮಗೆ ಧೈರ್ಯವಿಲ್ಲದಿದ್ದರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಕಟ್ಟಿ.

ಹಾಗಾದರೆ ಯಾವುದು ತಗೊಳ್ಳಲಿ ಅಂತ ತಂಗಿ ಮತ್ತೆ ಕೇಳಿದಳು. ಅವಳದು ಪುಣೆಯಿಂದ ಪಣಜಿಯ ದಾರಿ. ನಿನ್ನ ದಾರಿಯಲ್ಲಿ ನೀನು ಎಲ್ಲಿ ಊಟಕ್ಕೆ ನಿಲ್ಲುತ್ತೀಯೋ ಅಲ್ಲಿ ಯಾರ ಮಷಿನ್ ಇದೆ ನೋಡು, ಅವರ ಕಾರ್ಡು ತಗೋ, ಅದಕ್ಕೆ 30-40 ಕಿಲೋಮೀಟರ್ ಆಚೆ ಇನ್ನೊಬ್ಬರದ್ದು ಒಂದು ಇಟ್ಟುಕೋ ಅಂದೆ. ನನ್ನ ಮೂರನ್ನೂ ಹಾಗೇ ನಕಲು ಹೊಡೆದರೆ ಅವಳಿಗೆ ಆಗಿಬರುವುದಿಲ್ಲ.

ಅಳಿಯ ಇನ್ನೂ ಪರ್ಸಿನಲ್ಲಿದ್ದಾನೆ. ಅವನ ವ್ಯಾಲೆಟ್ಟಿನಲ್ಲಿ 212 ರೂಪಾಯಿ 40 ಪೈಸೆ ಉಳಿದಿದೆ. ಅವರ ದರಕ್ಕೆ ಸರಿಯಾಗಿ ಹತ್ತು ಯೂನಿಟ್ ಬರಬೇಕು. ಆದರೆ ಮಷಿನ್ ಶುರುವಾಗಲು ಕನಿಷ್ಠ 300 ಇರಬೇಕಂತೆ, ಮತ್ತೆ ಹಾಕುವುದಿದ್ದರೆ 500ಕ್ಕಿಂತ ಕಮ್ಮಿ ಹಾಕಲು ಬರುವುದಿಲ್ಲವಂತೆ. ನಮ್ಮವರು ಹಾಕಿ ಮುಗಿಸಿಬಿಡು ಅನ್ನುತ್ತಾರೆ. ನಾನು ನೋಟುಬುಕ್ಕಿನಲ್ಲಿ ಆ 212 ರೂಪಾಯಿಯನ್ನು ಬರಬೇಕಾದ ಬಾಕಿ ಅಂತ ಬರೆದು, ಪ್ರತಿ ತಿಂಗಳು ಮುಂದಿನ ಪುಟಕ್ಕೆ ಎತ್ತಿ ಬರೆಯುತ್ತಿದ್ದೇನೆ.